ಒಂದೇ ಪಾತ್ರೆಯಲ್ಲಿ ರಾತ್ರಿಯೂಟ

ಕ್ಯಾಸರೋಲ್ ಎಂದರೆ ನಮಗೆ ಚಪಾತಿ ಬಿಸಿಯಾಗಿಡುವ ಡಬ್ಬಿ, ಅಲ್ಲವೇ? ಅಮೆರಿಕದಲ್ಲಿ ಓವನ್ನಿಗಿಡುವ ಅಗಲ ಪಾತ್ರೆಗೂ, ಅದರಲ್ಲಾಗುವ ಅಡುಗೆಗೂ ಅದೇ ಹೆಸರು. ಕೆಲಸ ಮುಗಿಸಿ ದಣಿದು ಬಂದ ಹೆಂಗಸು ಎಲ್ಲವನ್ನೂ ಒಂದೇ ಪಾತ್ರೆಗೆ ಜೋಡಿಸಿಟ್ಟರೆ, ಅದು ಬೇಯುವಷ್ಟರಲ್ಲಿ ಮಕ್ಕಳ ಪಾಠ ನೋಡಬಹುದು.

ಬೇಕಾಗುವ ಸಾಮಾನು: ದನದ ಮಾಂಸದ ಕೈಮಾ ಅರ್ಧ ಕಿಲೋ, ಆಲೂಗಡ್ಡೆ 4, ಈರುಳ್ಳಿ 1, ಹಾಲು 1½ ಲೋಟ, ಬೆಣ್ಣೆ ಮತ್ತು ಮೈದಾ ಎರಡೆರಡು ದೊಡ್ಡ ಚಮಚ, ತುರಿದ ಚೀಸ್ 1½ ಲೋಟ, ಉಪ್ಪು, ಕಾಳುಮೆಣಸಿನ ಪುಡಿ.

ಮಾಡುವ ವಿಧಾನ: ಈರುಳ್ಳಿ, ಕೈಮಾ ಹುರಿದು ಜಿಡ್ಡು ಬಸಿಯಿರಿ. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹಾಕಿ ಗಂಟಾಗದಂತೆ ಕೆದಕಿ, ಉಪ್ಪು, ಮೆಣಸು ಸೇರಿಸಿ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡಿ. ದಪ್ಪವಾದರೆ ನಡುವೆ ಹಸಿಯಾಗಿಯೇ ಉಳಿಯುತ್ತೆ. ಬಿಲ್ಲೆ, ಕೈಮಾ, ಹಾಲಿನ ಗೊಜ್ಜು ಹೀಗೆ ಪದರ ಪದರವಾಗಿ ಹರಡಿ. ಮುಚ್ಚಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬೇಯಿಸಿ. ಚೀಸ್ ಉದುರಿಸಿ, ಮುಚ್ಚದೆ ಇನ್ನೂ 15 ನಿಮಿಷ ಇಡಿ.

ಕೈಮಾ ಅರೆಬೆಂದಿರಲೇಬಾರದು. ಮಾಂಸ ಅರೆಯುವಾಗ ಹೊರಗಿನ ಕ್ರಿಮಿ ಒಳಗೆಲ್ಲ ಸೇರುತ್ತೆ. ಒಳಗೂ 71 ಡಿಗ್ರಿ ಬಿಸಿಯಾಗಬೇಕು.

ಮಗಳ ಬಾಣಂತನಕ್ಕೆ ಅಲ್ಲಿಗೆ ಹೋಗುವ ತಾಯಂದಿರೇ, ಹೆರಿಗೆಯಾದ ಮನೆಗೆ ನೆರೆಯವರು ಕ್ಯಾಸರೋಲ್ ತಂದುಕೊಡುವ ರೂಢಿ ಅಲ್ಲುಂಟು. ಮೇಲೆ ಕಾಣೋದು ಚೀಸ್ ಮಾತ್ರ! ಮಾಂಸ ತಿನ್ನದವರು ಒಳಗೇನಿದೆ ಅಂತ ಸಂಕೋಚವಿಲ್ಲದೆ ಕೇಳಿಬಿಡಿ. ನೀವೇ ಮಾಡುವುದಾದರೆ ಕೈಮಾ ಬದಲು ಬೇಯಿಸಿದ ಅಲಸಂದೆ ಕಾಳು ಹಾಕಿ. ನೆರೆಯವರ ಪಾತ್ರೆಯನ್ನು ತೊಳೆದು ಹಿಂತಿರುಗಿಸುವುದನ್ನು ಮಾತ್ರ ಮರೀಬೇಡಿ.