ಪೈಪಿನ ಸುತ್ತ 77 ಸೆಕೆಂಡು

ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳ ಹಾಲು ವಿಜಯಪುರ–ಬಾಗಲಕೋಟೆ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಡೇರಿ ಸೇರಿದ ಮೇಲೆ ಪ್ಯಾಕೆಟ್ಟಿಗೆ ಇಳಿಯುವ ತನಕ ಹಾಲಿನ ಓಡಾಟ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಪೈಪಿನೊಳಗೆ. ಇಂಥ ಪೈಪಿನ ಒಳಮೈಯಲ್ಲಿ ಸಣ್ಣದೊಂದು ಸೀಳಿದ್ದರೆ ಸಾಕು, ಹಾಲಿನ ಪದರ ಅಲ್ಲಿ ಕೂತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ನೈಟ್ರಿಕ್ ಆಮ್ಲ ಹರಿಸಿ ತೊಳೆದರೂ ಅವು ಪೂರ್ತಿ ಹೋಗುವುದಿಲ್ಲ. ಪೈಪು ಕಾರ್ಖಾನೆಯಿಂದ ನುಣುಪಾಗಿಯೇ ಬರುತ್ತದೆ. ಅನುಮಾನ ಪಡಬೇಕಾದದ್ದು ಎರಡು ಪೈಪು ಕೂಡುವ ಬೆಸುಗೆಯ ಮೇಲೆ.

ಕೈ ಪಳಗಿದ ಆರ್ಗಾನ್ ವೆಲ್ಡರ್ ಈ ಬೆಸುಗೆಯನ್ನು ಚೆನ್ನಾಗಿಯೇ ಹಾಕುತ್ತಾರೆ. ಬೆಂಚಿನ ಮೇಲಾದರೆ ಪೈಪನ್ನು ಉರುಳಿಸುತ್ತ, ಕರಗಿದ ಲೋಹ ಸದಾ ಮೇಲ್ಗಡೆಯೇ ಇರುವಂತೆ ನೋಡಿಕೊಳ್ಳಬಹುದು. ಗೋಡೆಗೆ ಕೂರಿಸಿದ ಪೈಪು ಉರುಳದು. ಅದರ ಸುತ್ತ ತಾನೇ ಸುತ್ತುವ ಆರ್ಬಿಟಲ್ ವೆಲ್ಡಿಂಗ್ ಯಂತ್ರ 1960ರ ದಶಕದಲ್ಲಿ ವಿಮಾನಗಳ ಹೈಡ್ರಾಲಿಕ್ ಕೊಳವೆಗಳಿಗಾಗಿ ಬಳಕೆಗೆ ಬಂತು. ಅದರ ಹೆಡ್ ಪೈಪನ್ನು ಕಚ್ಚಿ ಹಿಡಿಯುತ್ತದೆ. ಒಳಗಿನ ಟಂಗ್‌ಸ್ಟನ್ ಮೊನೆ ಒಂದು ಸುತ್ತು ಹಾಕುತ್ತದೆ. ತೆಳು ಪೈಪಿಗೆ ರಾಡ್ ಬೇಡ, ಎರಡೂ ಅಂಚುಗಳೇ ಕರಗಿ ಒಂದಾಗುತ್ತವೆ. ಒಳಗೂ ಹೊರಗೂ ಆರ್ಗಾನ್ ತುಂಬಿರಬೇಕು.

ಸುತ್ತುವಾಗ ಭೂಮಿಯ ಸೆಳೆತ ಅಡ್ಡ ಬರುತ್ತದೆ. ಪೈಪಿನ ನೆತ್ತಿಯಲ್ಲಿ ಕರಗಿದ ಲೋಹ ಒಳಕ್ಕೆ ಜೋಲುತ್ತದೆ, ಬುಡದಲ್ಲಿ ಹೊರಕ್ಕೆ ಜೋತು ಒಳಮೈ ತಗ್ಗಾಗುತ್ತದೆ, ಬದಿಗಳಲ್ಲಿ ಕೆಳಗೆ ಹರಿಯುತ್ತದೆ. ಒಂದೇ ಸಮನೆ ಕರೆಂಟು ಕೊಟ್ಟರೆ ಕರಗಿದ ಭಾಗ ಹಿಗ್ಗುತ್ತಲೇ ಹೋಗುತ್ತದೆ. ಅದಕ್ಕೇ ಪಲ್ಸ್: ಕರೆಂಟು ಏರಿದಾಗ ಲೋಹ ಕರಗುತ್ತದೆ, ಇಳಿದಾಗ ಕಿಡಿ ಆರದೆ ಉಳಿದು, ಕರಗಿದ್ದು ಜಾರುವ ಮೊದಲೇ ಗಟ್ಟಿಯಾಗುತ್ತದೆ. ಇಳಕಲ್ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಗೆ ಕೊಂಡಿ ಹಾಕಿ ಹಾಸನ್ನು ಜೋಡಿಸುವ ಹಾಗೆ, ಈ ಬೆಸುಗೆಯೂ ಬಿಡಿ ಬಿಡಿ ಚುಕ್ಕೆಗಳಿಂದ ಕೂಡಿದ್ದು.

ಲೆಕ್ಕ ನೋಡೋಣ. 51 ಮಿ.ಮೀ. ವ್ಯಾಸ, 1.65 ಮಿ.ಮೀ. ದಪ್ಪದ ಪೈಪು. ದಪ್ಪದಲ್ಲಿ ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಆಂಪಿಯರ್ ಎಂಬ ರೂಢಿಯ ಸೂತ್ರದಂತೆ ಏರು ಕರೆಂಟು 65 ಆಂಪಿಯರ್. ಇಳಿ ಕರೆಂಟು 20 ಇಡೋಣ. ಏರು ಕರೆಂಟಿಗೆ ಸಮಯದ 35% ಕೊಟ್ಟರೆ ಸರಾಸರಿ ಬರುವುದು ಸುಮಾರು 36 ಆಂಪಿಯರ್ ಮಾತ್ರ. ನಿಮಿಷಕ್ಕೆ 125 ಮಿ.ಮೀ. ವೇಗದಲ್ಲಿ ಒಂದು ಸುತ್ತಿಗೆ 77 ಸೆಕೆಂಡು. ಸೆಕೆಂಡಿಗೆ ಎರಡು ಪಲ್ಸ್ ಎಂದರೆ ಮಿಲಿಮೀಟರಿಗೊಂದು ಚುಕ್ಕೆ. ಚುಕ್ಕೆ 4 ಮಿ.ಮೀ. ಅಗಲವಿದ್ದರೆ ಪ್ರತಿಯೊಂದೂ ಹಿಂದಿನದರ ಮುಕ್ಕಾಲು ಭಾಗವನ್ನು ಮತ್ತೆ ಕರಗಿಸುತ್ತದೆ.

ಸುತ್ತುತ್ತ ಹೋದಂತೆ ಪೈಪು ಕಾಯುತ್ತದೆ. ಹಾಗಾಗಿ ಸುತ್ತನ್ನು ನಾಲ್ಕು ಪಾಲು ಮಾಡಿ, 65ರಿಂದ 55ರ ಸುಮಾರಿಗೆ ಹಂತ ಹಂತವಾಗಿ ಕರೆಂಟು ಇಳಿಸುತ್ತಾರೆ. ಕೊನೆಗೆ ಶುರುವಾದ ಜಾಗವನ್ನು ದಾಟಿ ನಿಧಾನವಾಗಿ ಆರಿಸಬೇಕು. ತಟ್ಟನೆ ನಿಲ್ಲಿಸಿದರೆ ಗುಳಿ ಬಿದ್ದು ಬಿರುಕು ಬಿಡಬಹುದು.

ಇಷ್ಟೆಲ್ಲ ಸರಿಯಿದ್ದರೂ, ನಿನ್ನೆ ಒಪ್ಪವಾಗಿ ಬಂದ ಪ್ರೋಗ್ರಾಂ ಇವತ್ತು ಅದೇ ಅಳತೆಯ, ಅದೇ 316ಎಲ್ ಉಕ್ಕಿನ ಪೈಪಿನಲ್ಲಿ ಕೈಕೊಡುವುದುಂಟು. ನನಗೆ ತೀರ ಸೋಜಿಗವೆನಿಸುವುದು ಇದೇ. ಕಾರಣ, ಹೆಚ್ಚಿನ ಸಲ, ಗಂಧಕ. ಗಂಧಕ ತೀರ ಕಡಿಮೆಯಿದ್ದರೆ ಕರಗಿದ ಲೋಹದ ಮೇಲ್ಮೈ ನಡುವಿನಿಂದ ಅಂಚಿಗೆ ಹರಿದು ಬೆಸುಗೆ ಅಗಲವಾಗುತ್ತದೆ, ಆಳಕ್ಕಿಳಿಯುವುದಿಲ್ಲ. ಒಂದಿಷ್ಟು ಗಂಧಕವಿದ್ದರೆ ಹರಿವು ತಿರುಗಿ ನಡುವಿಗೆ ಬಂದು ಕೆಳಗಿಳಿಯುತ್ತದೆ. ಶುಚಿ ಬೇಡುವ ಪೈಪುಗಳಿಗೆ ಅಮೆರಿಕದ ಎಎಸ್‌ಎಂಇ ಬಿಪಿಇ ಮಾನದಂಡ ಗಂಧಕವನ್ನು 0.005ರಿಂದ 0.017%ರ ನಡುವೆ ಇರಿಸಿರುವುದು ಇದಕ್ಕೇ. ಎರಡು ಪೈಪುಗಳ ಗಂಧಕದಲ್ಲಿ ದೊಡ್ಡ ಅಂತರವಿದ್ದರೆ ಬೆಸುಗೆ ಕಡಿಮೆ ಗಂಧಕದ ಕಡೆಗೆ ವಾಲಿ, ಒಳಗೆ ಕೂಡುಗೆರೆ ಹಾಗೇ ಉಳಿಯಬಹುದು.

ಆದ್ದರಿಂದ ಹೊಸ ಹೀಟ್ ನಂಬರಿನ, ಅಂದರೆ ಉಕ್ಕಿನ ಬೇರೊಂದು ಎರಕದ, ಪೈಪು ಬಂದಾಗಲೆಲ್ಲ ತುಂಡೊಂದನ್ನು ಬೆಸೆದು, ಸೀಳಿ ಒಳಗೆ ನೋಡಬೇಕು. ಬೆಳ್ಳಿ ಬಣ್ಣವಿದ್ದರೆ ಸರಿ. ಕಡುನೀಲಿಯೋ ಕಪ್ಪೋ ಇದ್ದರೆ ಆಮ್ಲಜನಕ ನುಗ್ಗಿದೆ, ಮುಂದೆ ತುಕ್ಕು ಅಲ್ಲಿಂದಲೇ ಶುರು. ಆಳ ಸಾಲದಿದ್ದರೆ ಒಂದೆರಡು ಆಂಪಿಯರ್ ಏರಿಸಿ ಅಥವಾ ಏರು ಕರೆಂಟಿನ ಪಾಲು ಹೆಚ್ಚಿಸಿ, ಇನ್ನೊಂದು ತುಂಡು ಬೆಸೆದು ನೋಡಿ, ಸರಿಬಂದ ಅಂಕಿಗಳನ್ನು ಆ ಹೀಟ್ ನಂಬರಿನ ಪಕ್ಕದಲ್ಲೇ ಬರೆದಿಡಬೇಕು.