ಬ್ರೇಕ್ ಪ್ಯಾಡ್ ಬದಲಿಸಲು ಮನೆಯಲ್ಲಿ ಏನೇನಿರಬೇಕು?

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಿಂದ ಪ್ಯಾಡ್ ತಂದು ಬಡಾವಣೆಯ ಮೆಕ್ಯಾನಿಕ್ ಕೈಗೆ ಕೊಟ್ಟರೆ ಕೆಲಸ ಮುಗಿಯಿತು. ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಆ ಅನುಕೂಲವಿಲ್ಲ. ಅಲ್ಲಿ ಸಾಮಾನಿಗಿಂತ ಕೂಲಿಯೇ ಭಾರ. ಕೈ ಓಡುವವರು ಇಂಥ ಕೆಲಸವನ್ನು ಮನೆಮುಂದೆಯೇ ಮಾಡಿಕೊಳ್ಳುತ್ತಾರೆ. ಕಾರನ್ನು ಎತ್ತುವ ಲಿಫ್ಟನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಗ್ಯಾರೇಜುಗಳೂ ಆ ದೇಶದಲ್ಲಿವೆ.

ಅಲ್ಲಿ ಕಾರಿನ ಕಡ್ಡಾಯ ತಪಾಸಣೆಯ ಹೆಸರು ಎಪಿಕೆ. ಪೆಟ್ರೋಲ್ ಕಾರಿಗೆ ಮೊದಲ ತಪಾಸಣೆ 4 ವರ್ಷಕ್ಕೆ. ಆಮೇಲೆ ಎರಡು ಬಾರಿ 2 ವರ್ಷಕ್ಕೊಮ್ಮೆ, 8 ವರ್ಷ ತುಂಬಿದ ಮೇಲೆ ಪ್ರತಿವರ್ಷ. ಬ್ರೇಕನ್ನು ಅಲ್ಲಿ ಪರೀಕ್ಷಿಸುತ್ತಾರೆ, ನಿಜ. ಆದರೆ ಪ್ಯಾಡು ಸವೆಯುವುದಕ್ಕೆ ಆ ದಿನಾಂಕದ ಹಂಗಿಲ್ಲ. ಆಮರ್ಸ್‌ಫೋರ್ಟ್‌ನ ಅಂಚಿನಲ್ಲೇ ಎ1 ಮತ್ತು ಎ28 ಹೆದ್ದಾರಿಗಳು ಸೇರುವ ಹೂವೆಲಾಕನ್ ಕೂಡುದಾರಿಯಿದೆ. ಅಲ್ಲಿ ದಟ್ಟಣೆಯಾದರೆ ಬ್ರೇಕಿನ ಮೇಲಿಂದ ಕಾಲು ತೆಗೆಯುವಂತಿಲ್ಲ. ಉಕ್ಕಿನ ತಟ್ಟೆಯ ಮೇಲಿನ ಘರ್ಷಣೆಯ ಪದರ 3 ಮಿ.ಮೀ.ಗೆ ಇಳಿದಿದ್ದರೆ ಪ್ಯಾಡ್ ಬದಲಿಸುವುದು ಲೇಸು.

ಉಪಕರಣ ಕೊಳ್ಳಲು ಹೊರಟವರು ಮೊದಲು ಕೈಹಾಕುವುದು ಸ್ಪ್ಯಾನರ್ ಸೆಟ್ಟಿಗೆ. ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಾದದ್ದು ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡಿಗೆ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕುವುದಕ್ಕಷ್ಟೇ. ಅದನ್ನೇ ನಂಬಿ ಚಕ್ರ ಬಿಚ್ಚಿದ ಕಾರಿನ ಪಕ್ಕ ಕೂತು ಕೆಲಸ ಮಾಡಕೂಡದು. ಹೈಡ್ರಾಲಿಕ್ ಟ್ರಾಲಿ ಜಾಕಿನಿಂದ ಎತ್ತಿ, ಕಾರಿನ ಕೈಪಿಡಿ ತೋರಿಸುವ ಜಾಗಕ್ಕೇ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಮರದ ಅಡ್ಡೆ ಇಡಬೇಕು. ಡಚ್ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಅನೇಕ ಬೀದಿಗಳು, ಮನೆಮುಂದಿನ ಪಾರ್ಕಿಂಗ್ ಜಾಗಗಳು ಮರಳಿನ ಮೇಲೆ ಇಟ್ಟಿಗೆ ಜೋಡಿಸಿದವು. ಸ್ಟ್ಯಾಂಡಿನ ಕಾಲು ಒಂದೇ ಇಟ್ಟಿಗೆಯ ಮೇಲೆ ಭಾರ ಬಿಟ್ಟರೆ ಆ ಇಟ್ಟಿಗೆ ಕುಸಿಯಬಹುದು, ಸ್ಟ್ಯಾಂಡು ವಾಲಬಹುದು. ದಪ್ಪ ಪ್ಲೈವುಡ್ಡಿನ ಒಂದು ಅಗಲ ಹಲಗೆಯನ್ನು ಅಡಿಗಿಟ್ಟರೆ ಭಾರ ಹತ್ತಾರು ಇಟ್ಟಿಗೆಗಳಿಗೆ ಹಂಚಿಹೋಗುತ್ತದೆ.

ಬಿಚ್ಚುವ ಉಪಕರಣ ಕಾರಿನಿಂದ ಕಾರಿಗೆ ಬೇರೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಚಕ್ರದ ಬೋಲ್ಟಿಗೆ 17 ಮಿ.ಮೀ. ಸಾಕೆಟ್ ಬೇಕು, ಟೊಯೋಟಾ ಯಾರಿಸ್‌ನ ನಟ್ಟಿಗೆ 21. ಗಾಲ್ಫ್‌ನ ಅನೇಕ ಮಾದರಿಗಳಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಮುಂದಿನ ಕ್ಯಾಲಿಪರಿನ ಪಿನ್ನುಗಳನ್ನು ಬಿಚ್ಚಲು 7 ಮಿ.ಮೀ. ಅಲೆನ್ ಸಾಕೆಟ್ ಬೇಕು, ಸಾಮಾನ್ಯ ಸೆಟ್ಟುಗಳಲ್ಲಿ ಈ ಅಳತೆ ಎಷ್ಟೋ ಸಲ ಇರುವುದೇ ಇಲ್ಲ. ಚಕ್ರ ಬಿಚ್ಚಿದ ಮೇಲೆ ಅಂಗಡಿಗೆ ಓಡುವಂತಾಗದಿರಲು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ಜೋತುಬೀಳಲು ಬಿಡಬಾರದು, ಹೋಸಿನ ಒಳಪದರ ಹಾಳಾಗುತ್ತದೆ. ಗಟ್ಟಿ ತಂತಿ ಬಗ್ಗಿಸಿದ ಒಂದು ಕೊಕ್ಕೆಯಿಂದ ಅದನ್ನು ಸ್ಪ್ರಿಂಗಿಗೆ ತೂಗುಹಾಕಿ.

ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಕ್ಯಾಲಿಪರಿನಿಂದ ಹೊರಗೆ ಬಂದಿರುವ ಪಿಸ್ಟನ್ ಒಳಗೆ ಹೋಗಬೇಕು. ಮುಂದಿನ ಚಕ್ರಕ್ಕೆ ಬಡಗಿಗಳು ಬಳಸುವ ಸಿ ಕ್ಲ್ಯಾಂಪೇ ಸಾಕು. ಹಳೇ ಪ್ಯಾಡನ್ನು ನಡುವೆ ಕೊಟ್ಟು ನಿಧಾನವಾಗಿ ಒತ್ತಬೇಕು. ಆಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿದರೆ ಕಾರಿನ ಬಣ್ಣವನ್ನು ತಿಂದುಹಾಕುತ್ತದೆ, ಹೀರಿ ತೆಗೆಯಲು ಸೂಜಿಯಿಲ್ಲದ ಸಿರಿಂಜ್ ಪಕ್ಕದಲ್ಲಿರಲಿ. ಹಿಂದಿನ ಚಕ್ರದಲ್ಲಿ ಹ್ಯಾಂಡ್‌ಬ್ರೇಕು ಕ್ಯಾಲಿಪರಿನೊಳಗೇ ಸೇರಿದ್ದರೆ ಪಿಸ್ಟನ್ನನ್ನು ಬರೀ ಒತ್ತಿದರಾಗದು, ತಿರುಗಿಸುತ್ತಾ ಒತ್ತಬೇಕು. ಅದಕ್ಕೆ ಬೇರೆಯದೇ ಕಿಟ್ ಸಿಗುತ್ತದೆ. ಸ್ವಿಚ್ಚಿನಿಂದ ನಡೆಯುವ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕಾದರೆ ಮೊದಲು ಕಾರನ್ನು ಸರ್ವಿಸ್ ಸ್ಥಿತಿಗೆ ತರಬೇಕು, ಅನೇಕ ಕಾರುಗಳಲ್ಲಿ ಇದಕ್ಕೆ ಡಯಾಗ್ನೋಸ್ಟಿಕ್ ಉಪಕರಣ ಬೇಕೇ ಬೇಕು. ಬಲವಂತದಿಂದ ಒತ್ತಿದರೆ ಮೋಟಾರು ಮುರಿಯುತ್ತದೆ. ಈ ಉಪಕರಣ ಇಲ್ಲದವರು ಹಿಂದಿನ ಪ್ಯಾಡಿಗೆ ಕೈಹಾಕದಿರುವುದೇ ಸರಿ.

ಚಳಿಗಾಲದಲ್ಲಿ ಡಚ್ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಮಂಜುಗಡ್ಡೆ ಕಟ್ಟದಿರಲಿ ಎಂದು ಹಾಕುವ ಆ ಉಪ್ಪು ಕ್ಯಾಲಿಪರಿನ ಸಂದುಗಳಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಪ್ಯಾಡು ಜಾರುವ ಜಾಗ ಉಬ್ಬಿ, ಪಿನ್ನು ಜಾಮ್ ಆಗಿ, ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲಿ ತುಕ್ಕಿನ ಕಾಟ ಇನ್ನೂ ಹೆಚ್ಚು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಪ್ಯಾಡು ಸವೆಯದೆ ಉಳಿಯುತ್ತದೆ, ಆದರೆ ಕೆಲಸವಿಲ್ಲದ ಡಿಸ್ಕು, ಪಿನ್ನುಗಳು ತುಕ್ಕಿನಲ್ಲಿ ಕೂತುಬಿಡುತ್ತವೆ. ಹಾಗಾಗಿ ತಂತಿಯ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ ಇಲ್ಲದೆ ಅಲ್ಲಿ ಈ ಕೆಲಸ ಪೂರ್ತಿಯಾಗದು. ದೂಳನ್ನು ಊದಿ ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ರಬ್ಬರಿನ ಪಕ್ಕದ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಡಿಸ್ಕಿಗಾಗಲಿ ಪ್ಯಾಡಿನ ಮುಖಕ್ಕಾಗಲಿ ಗ್ರೀಸಿನ ಬೆರಳೂ ತಾಕಬಾರದು.

ಪ್ಯಾಡನ್ನು ಕೊಳ್ಳಲು ಕಾರಿನ ನಂಬರ್ ಪ್ಲೇಟು ನೆನಪಿದ್ದರೆ ಸಾಕು, ಅಲ್ಲಿನ ಬಿಡಿಭಾಗದ ಅಂಗಡಿಗಳು ಅದರಿಂದಲೇ ಮಾದರಿ ಹುಡುಕುತ್ತವೆ. ತಟ್ಟೆಯ ಹಿಂಬದಿಯನ್ನು ತಿರುಗಿಸಿ ನೋಡಿ. ವೃತ್ತದೊಳಗೆ ಇ ಅಕ್ಷರ, ಜೊತೆಗೊಂದು ಅಂಕಿ, 90ಆರ್ ಎಂಬ ಗುರುತು ಇರಬೇಕು. ಬದಲಿ ಪ್ಯಾಡುಗಳಿಗೆ ಯುರೋಪು ವಿಧಿಸಿದ ಪರೀಕ್ಷೆಯ ಮುದ್ರೆ ಅದು. ಅಂಕಿ ಅನುಮೋದಿಸಿದ ದೇಶದ್ದು: 1 ಜರ್ಮನಿ, 4 ನೆದರ್ಲೆಂಡ್ಸ್. ಮುದ್ರೆಯಿಲ್ಲದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಒಂದೇ ಆಕ್ಸಲಿನ ಎರಡೂ ಚಕ್ರಗಳ ಪ್ಯಾಡನ್ನು ಒಟ್ಟಿಗೇ ಬದಲಿಸಿ. ಡಿಸ್ಕಿನ ಅಂಚಿನಲ್ಲಿ ಅದರ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ, ಮೈಕ್ರೋಮೀಟರಿನಿಂದ ಅಳೆದು ಹೋಲಿಸಿ.

ಟಾರ್ಕ್ ರೆಂಚಿನ ವಿಷಯದಲ್ಲಿ ಜಿಪುಣತನ ಬೇಡ. ಗಾಲ್ಫ್‌ನ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್, ಯಾರಿಸ್‌ನ ನಟ್ಟಿಗೆ 103, ಕೈಯ ಅಂದಾಜಿಗೆ ಈ ವ್ಯತ್ಯಾಸ ಸಿಗದು. ಕ್ಯಾಲಿಪರ್ ಪಿನ್ನಿಗಂತೂ 30ರ ಆಸುಪಾಸು ಸಾಕಾಗುವುದೂ ಉಂಟು, ಮೈಭಾರ ಹಾಕಿ ತಿರುವಿದರೆ ಅದರ ಥ್ರೆಡ್ ಕಿತ್ತುಹೋಗುತ್ತದೆ. ನಿಮ್ಮ ಕಾರಿನ ಅಂಕಿಯನ್ನು ಅದರ ಕೈಪಿಡಿಯಲ್ಲೇ ನೋಡಿ.

ಉಳಿದ ಆಯಿಲ್, ಅದು ತಾಕಿದ ಬಟ್ಟೆ ಚರಂಡಿಗೆ ಹೋಗಬಾರದು. ಪ್ರತಿ ಊರಿಗೂ ಮಿಲಿಯುಸ್ಟ್ರಾಟ್ ಎಂಬ ತ್ಯಾಜ್ಯ ಕೇಂದ್ರದ ಸೌಲಭ್ಯವಿದೆ, ಅಲ್ಲಿ ಕೊಡಿ. ಕಾರನ್ನು ಇಳಿಸಿದ ಮೇಲೆ ಎಂಜಿನ್ ಚಾಲೂ ಮಾಡುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತುತ್ತಿರಿ. ಮೊದಲ ಒತ್ತಿಗೆ ಅದು ತಳಮುಟ್ಟುವುದು ಸಹಜ. ಹತ್ತಾರು ಸಲ ಒತ್ತಿದರೂ ಮೆತ್ತಗೇ ಉಳಿದರೆ ಕಾರನ್ನು ಒಂದಡಿಯೂ ಕದಲಿಸಬೇಡಿ, ಗ್ಯಾರೇಜಿಗೆ ಫೋನ್ ಮಾಡಿ.