ದೀರ್ಘ ವಿಮಾನಯಾನ: ಹಿರಿಯರಿಗೆ ಯಾವ ಆಸನ?

ವಿಮಾನಯಾನವು ನಮ್ಮ ಕುಟುಂಬಗಳಿಗೆ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗಳ ಬಾಣಂತನಕ್ಕೆಂದು ಟೊರೊಂಟೊಗೆ ಹೊರಡುವ ತಾಯಿ, ಮೊಮ್ಮಗುವಿನ ಜ್ಞಾನಸ್ನಾನಕ್ಕೆಂದು ಮೆಲ್ಬರ್ನ್‌ಗೆ ತೆರಳುವ ಅಜ್ಜ-ಅಜ್ಜಿ, ರೋಮ್ ನಗರದ ಯಾತ್ರೆಗೆ ಹೆಸರು ಕೊಟ್ಟಿರುವ ನಿವೃತ್ತ ದಂಪತಿ, ಇಂಥವರು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಪ್ರಯಾಣಕ್ಕೆ ಮುನ್ನ ಟಿಕೇಟಿನ ದರ, ವೀಸಾ, ಪೆಟ್ಟಿಗೆಯಲ್ಲಿ ಹಿಡಿಸಬೇಕಾದ ಉಪ್ಪಿನಕಾಯಿ-ಹಪ್ಪಳಗಳ ತೂಕ, ಇವೆಲ್ಲದರ ಬಗ್ಗೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಆ ಹಿರಿಯ ಜೀವವು ಹದಿನಾಲ್ಕು ಗಂಟೆಗಳ ಕಾಲ ಎಲ್ಲಿ ಕುಳಿತಿರಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆಸನದ ಆಯ್ಕೆಯು ಭೋಗದ ಮಾತಲ್ಲ, ಆರೋಗ್ಯದ ಮಾತು. ಟಿಕೇಟು ಕೊಳ್ಳುವ ಮಕ್ಕಳು ಹೊರಬೇಕಾದ ಹೊಣೆಯೂ ಹೌದು.

ಅಲುಗಾಡದೆ ಕುಳಿತಿರುವುದರ ಅಪಾಯ

1940ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ಆಶ್ರಯತಾಣಗಳಲ್ಲಿ, ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಅವರಲ್ಲಿ ಕೆಲವರು ಬಾಂಬಿನಿಂದಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸಾಗಿ ಸತ್ತುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿ, ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1954ರಲ್ಲಿ ಅಮೆರಿಕದ ಜಾನ್ ಹೋಮನ್ಸ್ ಅವರು ಇಂಥದೇ ತೊಂದರೆಯನ್ನು ದೀರ್ಘ ವಿಮಾನಯಾನದ ಬಳಿಕವೂ ಕಂಡರು.

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹೊರತಂದ ವರದಿಯ ಪ್ರಕಾರ, ನಾಲ್ಕು ಗಂಟೆಗಳಿಗೂ ಮಿಕ್ಕಿ ಅಲುಗಾಡದೆ ಕುಳಿತು ಪ್ರಯಾಣಿಸಿದಾಗ ಈ ಅಪಾಯವು ಸುಮಾರು ಎರಡು ಪಟ್ಟು ಹೆಚ್ಚುತ್ತದೆ. ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ರೈಲು, ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಹಾಗೆಂದು ಗಾಬರಿಗೊಳ್ಳುವುದು ಬೇಡ. ಆರೋಗ್ಯವಂತರಲ್ಲಿ ಸುಮಾರು 6,000 ಮಂದಿಗೆ ಒಬ್ಬರಂತೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಆದರೆ ವೃದ್ಧರು, ಸ್ಥೂಲಕಾಯರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು, ಕ್ಯಾನ್ಸರ್ ಪೀಡಿತರು ಹಾಗೂ ಹಿಂದೊಮ್ಮೆ ಹೆಪ್ಪುಗಟ್ಟುವಿಕೆ ಅನುಭವಿಸಿದವರು ವಿಶೇಷ ಎಚ್ಚರ ವಹಿಸಬೇಕು.

ಈ ಅಪಾಯವು ಅಗ್ಗದ ದರ್ಜೆಯಲ್ಲಿ ಕುಳಿತವರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದ ಎದೆರೋಗ ತಜ್ಞರ ಸಂಘವು 2012ರ ಮಾರ್ಗಸೂಚಿಯಲ್ಲಿ ಇದಕ್ಕೆ ಆಧಾರವಿಲ್ಲವೆಂದಿತು. ದೋಷವಿರುವುದು ದರ್ಜೆಯಲ್ಲಿ ಅಲ್ಲ, ಏಳದೆ ಕುಳಿತಿರುವುದರಲ್ಲಿ. ಕಿಟಕಿಯ ಬದಿಗೆ ಕುಳಿತವರು ಏಳುವುದು ಕಡಿಮೆಯಾದುದರಿಂದ ಅವರಿಗೇ ಅಪಾಯ ಹೆಚ್ಚು ಎಂದು ಅದು ತಿಳಿಸಿತು.

ಹಾದಿಯ ಬದಿಯ ಆಸನ

ಆದುದರಿಂದ ಹಿರಿಯರಿಗೆ ನಡೆದಾಡುವ ಹಾದಿಯ ಬದಿಯ ಆಸನವೇ ಲೇಸು. ಕಿಟಕಿಯ ಬದಿಗೆ ಸಿಲುಕಿದ ಹಿರಿಯರು, ಪಕ್ಕದಲ್ಲಿ ಮಲಗಿರುವ ಅಪರಿಚಿತರನ್ನು ಎಬ್ಬಿಸಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಮೂತ್ರವನ್ನು ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ದೊಡ್ಡ ಹಿಂಸೆ.

ಹಾದಿಯ ಬದಿಯ ಆಸನಗಳೆಲ್ಲ ಒಂದೇ ಬಗೆಯವಲ್ಲ. ಮೂರು-ನಾಲ್ಕು-ಮೂರು ಎಂದು ಜೋಡಿಸಿದ ಸಾಲಿನಲ್ಲಿ, ಅಂಚಿನ ಮೂರರ ಗುಂಪಿನ ಹಾದಿಯ ಬದಿಗೆ ಕುಳಿತರೆ ಒಳಗಿನ ಇಬ್ಬರೂ ನಿಮ್ಮನ್ನು ದಾಟಿಯೇ ಹೊರಬರಬೇಕು. ನಡುವಿನ ನಾಲ್ಕರ ಗುಂಪಿನಲ್ಲಾದರೆ ಒಬ್ಬರು ಮಾತ್ರ. ಉಳಿದವರಿಗೆ ಆಚೆಯ ಹಾದಿ ಇದೆ. ಒಂಟಿಯಾಗಿ ಪ್ರಯಾಣಿಸುವ ಹಿರಿಯರಿಗೆ ನಡುವಿನ ಗುಂಪಿನ ಅಂಚೇ ಉತ್ತಮ. ಬಲ ಮೊಣಕಾಲು ನೋಯುವವರು ಹಾದಿಯು ಬಲಕ್ಕಿರುವಂತೆ, ಎಡ ಮೊಣಕಾಲು ನೋಯುವವರು ಎಡಕ್ಕಿರುವಂತೆ ಆಸನವನ್ನು ಆರಿಸಿಕೊಂಡರೆ ಆಗಾಗ ಕಾಲು ಚಾಚಲು ಅನುಕೂಲ. ಊಟದ ಗಾಡಿ ಬರುವಾಗ ಮಾತ್ರ ಕಾಲನ್ನು ಒಳಗೆಳೆದುಕೊಳ್ಳಬೇಕು.

ವಿಮಾನದಿಂದ ವಿಮಾನಕ್ಕೆ ವ್ಯತ್ಯಾಸ

ಬಜ್ಪೆಯಿಂದ ದುಬೈಗೆ ನಾಲ್ಕು ಗಂಟೆಗಳೊಳಗಿನ ಯಾನ. ಒಂದೇ ಹಾದಿಯ ವಿಮಾನದ ಇಕ್ಕಟ್ಟನ್ನು ಹೇಗೋ ಸಹಿಸಬಹುದು. ನಿಜವಾದ ಪರೀಕ್ಷೆ ಇರುವುದು ಅಲ್ಲಿಂದ ಮುಂದಿನ ಯಾನದಲ್ಲಿ. 2021ರ ಜನವರಿಯಲ್ಲಿ ಮಹಿಳಾ ಪೈಲಟರೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ನೇರವಾಗಿ ಬಂದಿಳಿಯಲು ತೆಗೆದುಕೊಂಡ ಅವಧಿ ಸುಮಾರು 17 ಗಂಟೆ. ಇಂಥ ಯಾನದಲ್ಲಿ ಒಂದು ಅಂಗುಲದ ವ್ಯತ್ಯಾಸವೂ ಗಣನೀಯ.

1995ರಲ್ಲಿ ಸೇವೆಗೆ ಬಂದ ಬೋಯಿಂಗ್ 777 ವಿಮಾನದ ಸಾಮಾನ್ಯ ದರ್ಜೆಯಲ್ಲಿ ಮೊದಲು ಸಾಲಿಗೆ ಒಂಬತ್ತು ಆಸನಗಳಿರುವುದೇ ರೂಢಿಯಾಗಿತ್ತು. ಅದೇ ಒಡಲಿನಲ್ಲಿ ಇಂದು ಬಹುತೇಕ ಸಂಸ್ಥೆಗಳು ಹತ್ತು ಆಸನಗಳನ್ನು ಕೂರಿಸಿವೆ. ಆಸನದ ಅಗಲ ಸುಮಾರು 17 ಅಂಗುಲಕ್ಕೆ ಇಳಿದಿದೆ. ಬೋಯಿಂಗ್ 787ರಲ್ಲಿ ಮೂರು-ಮೂರು-ಮೂರು ಜೋಡಣೆಯೇ ಸಾಮಾನ್ಯವಾಗಿದ್ದು, ಅಗಲ ಹೆಚ್ಚುಕಡಿಮೆ ಅಷ್ಟೇ. ಅದೇ ಜೋಡಣೆಯ ಏರ್‌ಬಸ್ ಎ350ರಲ್ಲಿ ಸುಮಾರು 18 ಅಂಗುಲ ಸಿಗುತ್ತದೆ. ಏರ್‌ಬಸ್ ಎ330ರಲ್ಲಿ ಎರಡು-ನಾಲ್ಕು-ಎರಡು ಎಂಬ ಜೋಡಣೆ ಇರುವುದರಿಂದ ವೃದ್ಧ ದಂಪತಿಗೆ ಕಿಟಕಿಯ ಬದಿಯ ಎರಡು ಆಸನಗಳು ತಮ್ಮದೇ ಪುಟ್ಟ ಕೋಣೆಯಂತೆ ದೊರಕುತ್ತವೆ; ಅಪರಿಚಿತರನ್ನು ಎಬ್ಬಿಸುವ ಪ್ರಮೇಯವೇ ಇಲ್ಲ. 787 ಮತ್ತು ಎ350ರಲ್ಲಿ ಒಳಗಿನ ವಾಯುಒತ್ತಡವನ್ನು ಸುಮಾರು 6,000 ಅಡಿ ಎತ್ತರದ ಪ್ರದೇಶದಲ್ಲಿರುವಷ್ಟಕ್ಕೆ ಕಾಯ್ದುಕೊಳ್ಳುವುದರಿಂದ, 8,000 ಅಡಿಯವರೆಗಿನ ಹಳೆಯ ವಿಮಾನಗಳಿಗಿಂತ ಆಯಾಸ ಕಡಿಮೆ.

ಮುಂದಿನ ಸಾಲಿಗೂ ತಮ್ಮ ಸಾಲಿಗೂ ನಡುವಿನ ಅಂತರವನ್ನೂ ವಿಚಾರಿಸಬೇಕು. ದೂರಯಾನದ ಸಾಮಾನ್ಯ ದರ್ಜೆಯಲ್ಲಿ ಅದು ಬಹುಮಟ್ಟಿಗೆ 31ರಿಂದ 32 ಅಂಗುಲ. ಸಿಂಗಪುರದಿಂದ ನ್ಯೂಯಾರ್ಕ್ ಪ್ರದೇಶಕ್ಕೆ 2018ರಲ್ಲಿ ಪುನರಾರಂಭವಾದ, ಹದಿನೆಂಟು ಗಂಟೆಗಳಿಗೂ ಮೀರಿದ ಸಿಂಗಪುರ ಏರ್‌ಲೈನ್ಸ್ ಯಾನದ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯನ್ನೇ ಇರಿಸಿರಲಿಲ್ಲ ಎಂಬುದು ಗಮನಾರ್ಹ.

ಮೋಹಗೊಳಿಸುವ ಆಸನಗಳು

ವಿಭಾಗದ ಗೋಡೆಯ ಎದುರಿನ ಮೊದಲ ಸಾಲು ವಿಶಾಲವಾಗಿ ಕಾಣುತ್ತದೆ. ಮುಂದಿನವರು ಬೆನ್ನೊರಗನ್ನು ನಮ್ಮ ಮೇಲೆ ಬಾಗಿಸುವ ಭಯವಿಲ್ಲ. ಆದರೆ ಊಟದ ಹಲಗೆಯನ್ನು ಕೈಯಾಸರೆಯೊಳಗೆ ಅಡಗಿಸಿರುವುದರಿಂದ ಆಸನ ಕಿರಿದಾಗಿರುತ್ತದೆ. ವಿಮಾನ ಏರುವಾಗಲೂ ಇಳಿಯುವಾಗಲೂ ಔಷಧದ ಕೈಚೀಲವನ್ನು ಕಾಲಬುಡದಲ್ಲಿ ಇಟ್ಟುಕೊಳ್ಳುವಂತಿಲ್ಲ. ಹಸುಗೂಸುಗಳ ತೊಟ್ಟಿಲನ್ನು ಸಿಕ್ಕಿಸುವುದು ಈ ಗೋಡೆಗೇ. ಎಳೆಯ ಮಗುವಿನ ತಾಯಿಗೆ ಇದು ವರದಾನ, ನಿದ್ರೆ ಬಯಸುವ ಹಿರಿಯರಿಗೆ ಅಲ್ಲ.

ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಬೇಕಾದಷ್ಟು ಜಾಗವಿದೆ. ಆದರೆ ಅಪಾಯದ ವೇಳೆ ಬಾಗಿಲು ತೆರೆಯಲು ನೆರವಾಗಬಲ್ಲ, ಸಿಬ್ಬಂದಿಯ ಸೂಚನೆ ಅರ್ಥಮಾಡಿಕೊಳ್ಳಬಲ್ಲ ದೃಢಕಾಯರಿಗೆ ಮಾತ್ರ ಅದು ಮೀಸಲು. ಮಕ್ಕಳು, ಗರ್ಭಿಣಿಯರು, ಸಹಾಯ ಬೇಕಾದ ವೃದ್ಧರು ಅಲ್ಲಿ ಕೂರುವಂತಿಲ್ಲ. ಹೆಚ್ಚಿನ ಹಣ ತೆತ್ತು ಆ ಆಸನ ಕಾದಿರಿಸಿದರೂ ಕೊನೆಯ ಗಳಿಗೆಯಲ್ಲಿ ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ.

ವಿಭಾಗದ ಕೊನೆಯ ಸಾಲಿನಲ್ಲಿ ಬೆನ್ನೊರಗು ಎಷ್ಟೋ ವೇಳೆ ಹಿಂದಕ್ಕೆ ಬಾಗದು. ಶೌಚಾಲಯದ ಸಾಲು, ಬಾಗಿಲಿನ ಸದ್ದು, ಬೆಳಕು ಎಲ್ಲವೂ ಅಲ್ಲೇ. ಶೌಚಾಲಯದಿಂದ ಐದಾರು ಸಾಲು ದೂರವಿರುವುದು ಹದ: ನಡೆಯಲೂ ಹತ್ತಿರ, ಮಲಗಲೂ ಶಾಂತ. ವಿಮಾನ ಓಲಾಡಿದಾಗ ತಲೆಸುತ್ತುವವರಿಗೆ ರೆಕ್ಕೆಯ ಮೇಲಿನ ಸಾಲುಗಳು ಹಿತಕರ. ಬಾಲದ ಕಡೆ ಕುಲುಕಾಟ ಹೆಚ್ಚು.

ಮಕ್ಕಳು ಮಾಡಬೇಕಾದುದು

ಆಸನ ಗೊತ್ತುಪಡಿಸಲು ತಗಲುವ ಶುಲ್ಕವನ್ನು ಉಳಿಸಲೆಂದು ಅನೇಕರು ಅದನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. ಆಗ ಉಳಿಯುವುದು ನಡುವಿನ ಆಸನಗಳು ಮಾತ್ರ. ತಂದೆತಾಯಂದಿರ ಟಿಕೇಟಿಗೆ ಲಕ್ಷ ರೂಪಾಯಿ ವೆಚ್ಚ ಮಾಡುವವರು ಈ ಸಣ್ಣ ಮೊತ್ತಕ್ಕೆ ಹಿಂಜರಿಯುವುದು ತರವಲ್ಲ. ಹಣಕೊಡಲು ಅನುಕೂಲವಿಲ್ಲದವರು ಚೆಕ್-ಇನ್ ಆರಂಭವಾಗುವ ವೇಳೆಯನ್ನು ತಿಳಿದುಕೊಂಡು, ಆ ಕ್ಷಣದಲ್ಲೇ ಆಸನ ಆರಿಸಿಕೊಡಬೇಕು. ಅದು ಸಾಮಾನ್ಯವಾಗಿ 24ರಿಂದ 48 ಗಂಟೆಗಳ ಮುಂಚೆ ತೆರೆಯುತ್ತದೆ. ವಿಮಾನದ ಮಾದರಿ ಬದಲಾದರೆ ಆಸನವೂ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ಮತ್ತೊಮ್ಮೆ ಪರಿಶೀಲಿಸಬೇಕು. ಗುಂಪಾಗಿ ಯಾತ್ರೆ ಹೋಗುವವರು ತಮ್ಮ ಕಾಯಿಲೆ, ಮೊಣಕಾಲು ನೋವುಗಳನ್ನು ಏಜೆಂಟರಿಗೆ ಮೊದಲೇ ತಿಳಿಸುವುದು ಒಳಿತು.

ವೀಲ್‌ಚೇರ್ ನೆರವು ಬೇಕಿದ್ದರೆ ಟಿಕೇಟು ಕೊಳ್ಳುವಾಗಲೇ ಕೋರಬೇಕು. ಈ ಸೌಲಭ್ಯ ಪಡೆದವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಕೊನೆಗೆ ಇಳಿಸುತ್ತಾರೆ. ಆದ್ದರಿಂದ ವಿಮಾನ ಬದಲಾಯಿಸುವ ನಿಲ್ದಾಣದಲ್ಲಿ ಸಾಕಷ್ಟು ಸಮಯವಿರುವ ಟಿಕೇಟನ್ನೇ ಆರಿಸಬೇಕು. ಪುಟ್ಟ ಮಕ್ಕಳೊಡನೆ ಹೊರಡುವವರು ಒಂದೇ ಟಿಕೇಟಿನಡಿ ಎಲ್ಲರ ಹೆಸರನ್ನೂ ಸೇರಿಸಲಿ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಟಿಕೇಟಿನಡಿ ಬರುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಿಯೇ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ.

ಆಸನ ಒಳ್ಳೆಯದಾದರೆ ಸಾಲದು, ಅದರಿಂದ ಆಗಾಗ ಏಳಬೇಕು. ಎಚ್ಚರವಾಗಿರುವಾಗ ಗಂಟೆಗೊಮ್ಮೆಯಾದರೂ ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ ಮೀನಖಂಡವನ್ನು ಹಿಂಡುವುದು, ನೀರು ಕುಡಿಯುವುದು, ಇಷ್ಟನ್ನು ಹಿರಿಯರಿಗೆ ಮನದಟ್ಟು ಮಾಡಿ ಕಳುಹಿಸಬೇಕು. ಕಾಲನ್ನು ಹದವಾಗಿ ಬಿಗಿಯುವ ಕಾಲುಚೀಲವಾಗಲಿ, ರಕ್ತ ತೆಳುವಾಗಿಸುವ ಮಾತ್ರೆಯಾಗಲಿ ವೈದ್ಯರ ಸಲಹೆಯಂತೆಯೇ ಬಳಸಬೇಕು. ಊರು ಸೇರಿದ ಬಳಿಕ, ಕೆಲವು ವಾರಗಳ ನಂತರವಾದರೂ ಸರಿ, ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ, ಇಲ್ಲವೇ ಥಟ್ಟನೆ ಉಸಿರು ಕಟ್ಟಿ ಎದೆನೋವು ಬಂದರೆ, ಪ್ರಯಾಣದ ಆಯಾಸವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ತಾಯಂದಿರು ತಮಗಾಗಿ ಏನನ್ನೂ ಕೇಳುವವರಲ್ಲ. “ಎಲ್ಲಾದರೂ ಕೂರುತ್ತೇನೆ, ಮಗಾ” ಎಂದೇ ಅವರು ಹೇಳುತ್ತಾರೆ. ಆ ಮಾತನ್ನು ಅಕ್ಷರಶಃ ಒಪ್ಪಿಕೊಳ್ಳದೆ, ಅವರ ಪರವಾಗಿ ಆಸನದ ನಕ್ಷೆಯನ್ನು ಬಿಡಿಸಿ ಕೂರಬೇಕಾದವರು ಮಕ್ಕಳೇ.